ಅರಿಶಿನ ಹತ್ತಿದ ನೀತಿಪದ್ಯಗಳು

ಹಳೆಯ ಪುಸ್ತಕ ಬೇಕಾದರೆ ಕಪಾಟಿನ ಹತ್ತಿರ ಹೋಗಬೇಡಿ, ಅಡುಗೆಮನೆಗೆ ಹೋಗಿ. ಒಂದು ಜೀವಮಾನ ಪುಸ್ತಕಾಲಯದಲ್ಲಿ ಧೂಳು ಕುಡಿದ ಮೇಲೆ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದೊಂದೇ. ಮುಂಬಯಿಯ ನಮ್ಮ ಕನ್ನಡ ಸಂಘದ ಪುಸ್ತಕಾಲಯಕ್ಕೆ ಈಗ ಸೇರಿರುವ ಹುಡುಗಿಯರು ಓದಿ ಪದವಿ ಪಡೆದು ಬಂದವರು. ಪುಸ್ತಕಕ್ಕೆ ನಂಬರು ಹಾಕುವುದನ್ನು ನನಗಿಂತ ಚೆನ್ನಾಗಿ ಬಲ್ಲರು. ಆದರೆ ಒಳಗಿನ ಕೋಣೆಯ ಸಣ್ಣ ಕಪಾಟನ್ನು ತೋರಿಸಿ, ಇವೆಲ್ಲ ಎಲ್ಲಿಂದ ಬಂದವು ಎಂದು ಯಾರಾದರೂ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಸಂಬಳ ಯಾವಾಗ ಏರಿತು, ಹುದ್ದೆ ಯಾವಾಗ ಏರಿತು ಎಂದು ಬರೆಯಲು ಹೊರಟರೆ ಒಂದು ಪೋಸ್ಟ್ ಕಾರ್ಡು ಸಾಕು, ಅದರಲ್ಲೂ ಜಾಗ ಉಳಿಯುತ್ತದೆ. ಅದನ್ನು ಬಿಟ್ಟುಬಿಡೋಣ.

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾದರಿನಲ್ಲಿ ಒಂದು ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ನಮ್ಮ ಪುಸ್ತಕಾಲಯ. ಕೆಳಗೆ ಸಾಂಬಾರು ಕುದಿಯತೊಡಗಿದರೆ ಮೇಲೆ ಓದುತ್ತಿದ್ದವರಿಗೆ ಹಸಿವು ಕೆರಳುತ್ತಿತ್ತು. ಎಂಥ ರೋಚಕ ಕಾದಂಬರಿಯಾದರೂ ಮಡಚಿಟ್ಟು ಇಳಿದುಹೋಗಿ ಇಡ್ಲಿ ತಿಂದು ಬರುತ್ತಿದ್ದರು. ಹೋಟೆಲಿನ ಧಣಿಗಳು ನಮ್ಮಿಂದ ಬಾಡಿಗೆ ಕೇಳದೆ ಇದ್ದದ್ದಕ್ಕೆ ಸಾಹಿತ್ಯಪ್ರೇಮದ ಜೊತೆಗೆ ಇದೂ ಒಂದು ಕಾರಣ ಇದ್ದಿರಬೇಕು.

ಪುಸ್ತಕಾಲಯ ನೋಡಿಕೊಳ್ಳುತ್ತಿದ್ದವರು ಐತಾಳ ಮಾಸ್ತರರು. ಉಡುಪಿ ಕಡೆಯ ಶಾಲೆಯೊಂದರಲ್ಲಿ ಹೆಡ್‌ಮಾಸ್ತರರಾಗಿದ್ದು ನಿವೃತ್ತರಾಗಿ ಮಗನ ಜೊತೆ ಮುಂಬಯಿಗೆ ಬಂದವರು. ಅವರಿಗೆ ಒಂದು ಹುಚ್ಚು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಶಾಲೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದ, ಮಕ್ಕಳಿಗೆಂದೇ ಅಚ್ಚು ಹಾಕಿಸಿದ ನೀತಿಪದ್ಯಗಳ ಸಂಗ್ರಹಗಳು ಇರುತ್ತಿದ್ದವಲ್ಲ, ಅಂಗೈಗಿಂತ ಸ್ವಲ್ಪ ದೊಡ್ಡ ಪುಸ್ತಕಗಳು, ಅವನ್ನು ಕೂಡಿಹಾಕುವುದು. ಬೇಗ ಏಳು, ಹಲ್ಲುಜ್ಜು, ನೆರೆಮನೆಯ ಮಾವಿನಕಾಯಿಗೆ ಕಲ್ಲು ಹೊಡೆಯಬೇಡ, ಸಿಟ್ಟು ಬಂದರೆ ನೀರು ಕುಡಿ, ಇಂಥವೇ ಪದ್ಯಗಳು. ಅವನ್ನು ಬರೆದವರು ಮಕ್ಕಳನ್ನು ಸಾಕಿದವರಲ್ಲ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ಮಾಸ್ತರರಿಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ನೀರು ಕುಡಿದದ್ದನ್ನು ನಾನು ನೋಡಿರಲಿಲ್ಲ. ಆದರೆ ಆ ಪುಸ್ತಕಗಳನ್ನು ಕೈಯಲ್ಲಿ ಹಿಡಿದರೆ ಅವರ ದನಿಯೇ ಬೇರೆಯಾಗುತ್ತಿತ್ತು. ಇಲ್ಲಿ ಹುಟ್ಟಿ ಹಿಂದಿ ಮರಾಠಿಯಲ್ಲೇ ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಅವುಗಳಿಂದ ಆರಿಸಿದ ಒಂದು ಹೊಸ ಪುಸ್ತಕ ಮಾಡಬೇಕೆಂಬುದು ಅವರ ಆಸೆ.

ಮೊದಲು ಅವರೇ ಮನೆಮನೆಗೆ ಹೋಗಿ ಕೇಳಿದ್ದರಂತೆ. ಬಾಗಿಲಲ್ಲಿ ಗಂಡಸರು ನಿಂತು, "ಇಲ್ಲ ಮಾಸ್ಟ್ರೆ, ಊರಿಂದ ಬರುವಾಗ ಬಟ್ಟೆ ತಂದದ್ದೇ ಹೆಚ್ಚು" ಎನ್ನುತ್ತಿದ್ದರು. ಅವರು ಹೇಳುವುದು ಸುಳ್ಳೂ ಅಲ್ಲ. ಆದರೆ ಒಳಗೆ ಹೆಂಡತಿಯ ಟ್ರಂಕಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಆಗ ಕಾದಂಬರಿ ಎರವಲು ಪಡೆಯಲು ಬರುತ್ತಿದ್ದ ಒಬ್ಬ ಗೃಹಿಣಿ, ಮೆಟ್ರಿಕ್ ಆದವಳು. ಒಂದು ದಿನ ಮಾಸ್ತರರು ಕನ್ನಡಕ ಹಣೆಗೇರಿಸಿ, "ವಾರಿಜಾ, ಅಡುಗೆಮನೆಯವರೆಗೆ ಹೋಗಬಲ್ಲ ಒಬ್ಬರು ನನಗೆ ಬೇಕು. ನೀನು ಬರ್ತೀಯಾ?" ಎಂದು ಕೇಳಿದರು.

ನನ್ನ ಗಂಡ ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಅವರು ಒಪ್ಪಿದರು. ಕಷ್ಟ ಇದ್ದದ್ದು ನಮ್ಮ ಚಾಳಿನ ಕೋಣೆಯಲ್ಲಿ ಆಳುತ್ತಿದ್ದ ಅತ್ತೆಯದು. ಆರು ಮಕ್ಕಳನ್ನು ಹೆತ್ತು ಸಾಕಿದ ಗಟ್ಟಿ ಹೆಂಗಸು. ಚಾಳಿನಲ್ಲಿ ಯಾರ ಮಗುವಿಗೆ ಹೊಟ್ಟೆನೋವು ಬಂದರೂ ಅವರನ್ನೇ ಕರೆಯುತ್ತಿದ್ದರು. ನನ್ನ ಮಾತು ಕೇಳಿ, "ಹಳೇ ಕಾಗದ ಹೆಕ್ಕಲಿಕ್ಕೆ ಸಂಬಳ ಕೊಡ್ತಾರಾ? ಎಂತ ಊರು ಮಾರಾಯ್ತಿ ಇದು" ಎಂದರು. ಆಮೇಲೆ ನನ್ನ ಮೂರು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು, "ಹೋಗು. ಪುಟ್ಟಿಯನ್ನು ನಾನು ನೋಡ್ಕೊಳ್ತೇನೆ. ಆ ಧೂಳಿನ ಸೀರೆಯಲ್ಲಿ ದೇವರ ಹತ್ರ ಬರ್ಬೇಡ, ಅಷ್ಟೇ" ಎಂದರು. ನನ್ನ ಕೆಲಸದ ನೇಮಕಾತಿ ಆದದ್ದು ಹೀಗೆ.

ಮೊದಲ ದಿನ ಹೋದದ್ದು ಜೋಗೇಶ್ವರಿಗೆ. ಮಂಗಳೂರಿನ ಕಡೆಯ ಒಂದು ಸಂಸಾರ. ಬಾಗಿಲು ತೆರೆದ ಕೂಡಲೇ, "ನಿಮ್ಮಲ್ಲಿ ಹಳೆ ಪುಸ್ತಕ ಉಂಟಾ?" ಎಂದು ಕೇಳಿಬಿಟ್ಟೆ. ಮನೆಯೊಡತಿ ನನ್ನನ್ನೂ ನನ್ನ ಕೈಯ ಚೀಲವನ್ನೂ ನೋಡಿ ಒಳಗೆ ಹೋದಳು. ಕೆಲಸ ಇಷ್ಟು ಸುಲಭವೇ ಎಂದು ನಾನು ಹಿಗ್ಗುತ್ತಿರುವಾಗ ಪೇಪರಿನ ಒಂದು ಕಟ್ಟು, ಎರಡು ಎಣ್ಣೆ ಡಬ್ಬ ತಂದು ಮುಂದಿಟ್ಟು, "ಬಾಟ್ಲಿಯೂ ತಗೊಳ್ತೀರಾ? ತಕ್ಕಡಿ ಎಲ್ಲಿ?" ಎಂದಳು. ನನ್ನನ್ನು ರದ್ದಿಯವಳೆಂದೇ ತಿಳಿದಿದ್ದಳು. ಮಾಸ್ತರರಿಗೆ ಇದನ್ನು ಹೇಳಿದಾಗ ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಕಲಿಸಿದರು: ಮೊದಲ ದಿನ ಪುಸ್ತಕದ ಸುದ್ದಿಯೇ ಎತ್ತಬಾರದು. ಕೂತು ಕಾಫಿ ಕುಡಿಯಬೇಕು. ಚಿಕ್ಕವರಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಏನೇನು ಬಾಯಿಪಾಠ ಹೇಳುತ್ತಿದ್ದಿರಿ ಎಂದು ಕೇಳಬೇಕು.

ಇದರ ಮೇಲೆ ನಾನು ನನ್ನದೇ ಒಂದು ಉಪಾಯ ಕಟ್ಟಿಕೊಂಡೆ. ನನಗೆ ಬರುವ ಪದ್ಯವನ್ನು ಬೇಕೆಂದೇ ತಪ್ಪಾಗಿ ಹೇಳುವುದು. ಬಾಯಿಪಾಠ ಮಾಡಿ ಬೆಳೆದ ಹೆಂಗಸರು ಗಂಡನ ಬೈಗುಳವನ್ನಾದರೂ ಸಹಿಸುತ್ತಾರೆ, ಒಂದು ಸಾಲು ಅಡ್ಡಾದಿಡ್ಡಿ ಹೇಳಿದರೆ ಸಹಿಸುವುದಿಲ್ಲ. "ಹಾಗಲ್ಲ, ಹಾಗಲ್ಲ" ಎಂದು ತಿದ್ದಲು ಹೋಗಿ ನಡುವೆ ತಾವೇ ತಡವರಿಸಿದರೆ ಮುಗಿಯಿತು, ಎದ್ದು ಹೋಗಿ ಟ್ರಂಕು ತೆರೆಯುತ್ತಾರೆ. ಸೀರೆಗಳ ಅಡಿಯಿಂದ ಪುಸ್ತಕ ಬರುತ್ತದೆ. ಹೀಗೆ ಎಷ್ಟೋ ಟ್ರಂಕುಗಳು ನನ್ನ ತಪ್ಪುಗಳಿಗೆ ತೆರೆದುಕೊಂಡವು. ಈ ವಿದ್ಯೆಯನ್ನು ಈಗ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ನನಗೆ ಗೊತ್ತಿಲ್ಲ.

ತಂದ ಪುಸ್ತಕಗಳನ್ನು ಉಳಿಸುವುದು ಇನ್ನೊಂದು ಪಾಡು. ಮಾಳಿಗೆಯ ಮೇಲೆ ಒಣಗಿಸಬೇಕು, ಎಳೆಬಿಸಿಲು ಮಾತ್ರ, ಮಧ್ಯಾಹ್ನದ ಬಿಸಿಲಿಗೆ ಕಾಗದ ಹಪ್ಪಳವಾಗುತ್ತದೆ. ಒಮ್ಮೆ ಬೆನ್ನು ಹರಿದ ಪುಸ್ತಕಗಳನ್ನು ನಾವೇ ಅಂಟಿಸೋಣವೆಂದು ಕೆಳಗಿನ ಹೋಟೆಲಿನಿಂದ ಮೈದಾ ತರಿಸಿ ಗೋಂದು ಕಾಯಿಸಿದೆವು. ಹುಳ ಹತ್ತದ ಹಾಗೆ ಗೋಂದಿಗೆ ಮೈಲುತುತ್ತ ಬೆರೆಸಬೇಕು ಎಂಬುದು ನಮ್ಮಿಬ್ಬರಿಗೂ ತಿಳಿಯದು. ಹದಿನೈದು ದಿನ ಬಿಟ್ಟು ಕಪಾಟು ತೆರೆದರೆ ಹೋಟೆಲಿನ ಜಿರಳೆಗಳೆಲ್ಲ ಮೇಲೆ ಬಂದು ಸಂತರ್ಪಣೆ ನಡೆಸುತ್ತಿದ್ದವು. ಮಾಸ್ತರರು ಮೂರು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಇನ್ನೊಂದು ಪಾಠ ಕಲಿತದ್ದು ಭಾಂಡುಪಿನಲ್ಲಿ. ಅಲ್ಲಿಯವರೆಗೆ ಪುಸ್ತಕ ಬಂದ ಕೂಡಲೇ ಅದರ ಮೇಲಿನ ಅರಿಶಿನ ಕುಂಕುಮದ ಕಲೆಗಳನ್ನು ಒಣ ಬ್ರೆಡ್ಡಿನ ತುಂಡಿನಿಂದ ಉಜ್ಜಿ ತೆಗೆಯಬೇಕೆಂದು ಮಾಸ್ತರರ ಆಜ್ಞೆ. ಭಾಂಡುಪಿನ ಒಬ್ಬ ಅಜ್ಜಿ ಪುಸ್ತಕ ಕೊಡುವಾಗ ನನ್ನ ಕೈ ಹಿಡಿದು, "ಅರಿಶಿನ ಒರೆಸ್ಬೇಡ ಮಗಾ. ನಮ್ಮ ಮನೆಯ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಹರಿವಾಣದ ಹತ್ರ ಇಟ್ಟ ಪುಸ್ತಕ ಇದು. ಒಂದೊಂದು ಬೊಟ್ಟು ಒಂದೊಂದು ಮಗುವಿನದು" ಎಂದಳು. ಹರಿವಾಣದಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವ ಶಾಸ್ತ್ರ ನಮ್ಮೆಲ್ಲರ ಮನೆಯಲ್ಲಿ ಆಗುವುದೇ. ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು ಪೂಜೆ ಮಾಡುವುದೂ ಇದೆ. ಆದರೆ ಆ ಬೊಟ್ಟುಗಳನ್ನು ಯಾರೂ ನನಗೆ ಹೀಗೆ ಓದಿ ಹೇಳಿರಲಿಲ್ಲ. ಮಾಸ್ತರರಿಗೆ ಹೇಳಿದೆ. ಅವರು ಬ್ರೆಡ್ಡಿನ ತುಂಡನ್ನು ಕಿಟಕಿಯಿಂದ ಕಾಗೆಗೆ ಎಸೆದರು. ಅಂದಿನಿಂದ ನಮ್ಮಲ್ಲಿ ಅರಿಶಿನ ಒರೆಸುವ ಪದ್ಧತಿ ನಿಂತಿತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಮಾಸ್ತರರ ಹತ್ತಿರ ಅವರ ತಾಯಿಯ ಒಂದು ಪುಸ್ತಕವಿತ್ತು, ಕೆಂಪು ರಟ್ಟಿನದು. ಸಂಗ್ರಹಗಳಲ್ಲೆಲ್ಲ ಅದು ಚೆಂದದ್ದು ಎಂದು ಅವರ ಅಭಿಪ್ರಾಯ, ನನ್ನದೂ ಅದೇ. ಆದರೆ ಅದು ಅರ್ಧ ಮಾತ್ರ. ಒಂದು ಇರುವೆ ಅಕ್ಕಿಕಾಳು ಹೊತ್ತು ಮನೆಗೆ ಹೊರಟಿದೆ, ಹುಡುಗನೊಬ್ಬ ದಾರಿಗೆ ಕಡ್ಡಿ ಅಡ್ಡ ಇಡುತ್ತಾನೆ, ಇರುವೆ ಬಳಸಿ ಹೋಗುತ್ತದೆ, ಅವನು ಮತ್ತೆ ಅಡ್ಡ ಇಡುತ್ತಾನೆ. ಅಲ್ಲಿಗೆ ಪುಟ ಹರಿದಿದೆ. "ಆ ಇರುವೆ ಮನೆ ಮುಟ್ಟಿತೋ ಇಲ್ಲವೋ, ಚಿಕ್ಕಂದಿನಿಂದ ಕಾಯ್ತಾ ಇದ್ದೇನೆ" ಎನ್ನುತ್ತಿದ್ದರು. ಪೂರ್ತಿ ಪ್ರತಿ ಸಿಗದೆ ಹೊಸ ಪುಸ್ತಕದ ಕೆಲಸ ಮುಂದುವರಿಸಲು ಅವರಿಗೆ ಮನಸ್ಸಿರಲಿಲ್ಲ. ಹೋದ ಮನೆಯಲ್ಲೆಲ್ಲ ನಾನು ಇರುವೆಯ ಪದ್ಯವನ್ನೇ ತಪ್ಪಾಗಿ ಹೇಳುತ್ತಿದ್ದೆ. ಯಾರೂ ತಿದ್ದುತ್ತಿರಲಿಲ್ಲ.

ತಿದ್ದಿದವರು ವಿಕ್ರೋಳಿಯ ಇಂದಿರಾಬಾಯಿ. ಧಾರವಾಡದ ಕಡೆಯವರು. ಗಂಡ ಗುರುರಾವ್ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ. ಆಗ ವಿಕ್ರೋಳಿ ಎಂದರೆ ಹುಲ್ಲು, ಕೆಸರು, ನಡುವೆ ಕಾರ್ಖಾನೆಯ ಹೊಸ ಕ್ವಾರ್ಟರ್ಸು. "ಬರ್ರಿ, ಕೂಡ್ರಿ. ಈ ಕಡೆ ಕನ್ನಡ ಮಾತಾಡವರು ಬರೂದ ಅಪರೂಪ" ಎಂದು ಚಾಪೆ ಹಾಸಿ, ಅವಲಕ್ಕಿ ಹಚ್ಚಿ ಕೊಟ್ಟು, ಚಹಾಕ್ಕಿಟ್ಟರು. ವಯಸ್ಸು ಮೂವತ್ತೈದರ ಸುಮಾರು. ಮನೆ ಕನ್ನಡಿಯ ಹಾಗೆ ಒಪ್ಪವಾಗಿತ್ತು. ನಾನು ಮಾತಿನ ನಡುವೆ ಇರುವೆಯನ್ನು ತಪ್ಪು ದಾರಿಗೆ ಬಿಟ್ಟೆ. "ಅದು ಹಂಗಲ್ರಿ" ಎಂದು ಅವರು ನಕ್ಕು ಮೊದಲಿನಿಂದ ಶುರು ಮಾಡಿದರು. ಕಡ್ಡಿ ಬಂತು, ಎರಡನೆಯ ಕಡ್ಡಿ ಬಂತು, ಅವರು ನಿಲ್ಲದೆ ಮುಂದೆ ಹೋದರು. ಅವಲಕ್ಕಿ ಹಿಡಿದ ನನ್ನ ಕೈ ಹಾಗೇ ನಿಂತುಬಿಟ್ಟಿತು.

ಖಣದ ಬಟ್ಟೆಯಲ್ಲಿ ಸುತ್ತಿದ ಕೆಂಪು ರಟ್ಟಿನ ಪುಸ್ತಕವನ್ನು ತಂದು ತೋರಿಸಿದರು. ಪೂರ್ತಿ ಇತ್ತು. ಮೊದಲ ಪುಟದಲ್ಲಿ ಅರಿಶಿನದ ಬೊಟ್ಟುಗಳು ಸಾಲಾಗಿದ್ದವು. "ಇದು ನಮ್ಮ ಅಜ್ಜೀದು, ಇವು ನಮ್ಮವ್ವಂದು, ಸೋದರಮಾವಂದು, ಇದು ನಮ್ಮಣ್ಣಂದು, ಇದು ನಂದು" ಎಂದು ಬೆರಳಿಟ್ಟು ಹೇಳಿದರು. ಆಮೇಲೆ ಪುಟ ಖಾಲಿ. ಮಾಸ್ತರರ ಅರ್ಧ ಪುಸ್ತಕದ ಕತೆ ಹೇಳಿದೆ, ಆದರೆ ಪುಸ್ತಕ ಕೇಳಲಿಲ್ಲ, ಅದು ನಮ್ಮ ಪದ್ಧತಿಯಲ್ಲ. ಎರಡನೆಯ ಸಲ ಹೋದಾಗಲೂ ಕೇಳಲಿಲ್ಲ. ಮೂರನೆಯ ಸಲ ಹೋದಾಗ ನವರಾತ್ರಿ ಹತ್ತಿರವಾಗಿತ್ತು. ಇಂದಿರಕ್ಕ ಚಹಾ ಕೊಟ್ಟ ಮೇಲೆ ತಾವಾಗಿಯೇ ಪುಸ್ತಕ ತಂದು ನನ್ನ ಮಡಿಲಿಗಿಟ್ಟರು. "ತಗೊಂಡ ಹೋಗ್ರಿ. ನಿಮ್ಮ ಮಾಸ್ತರಿಗೆ ಬೇಕಾಗೇದ ಅಂದ್ರೆಲ್ಲ. ಅಲ್ಲೆ ಕಪಾಟಿನ್ಯಾಗರ ಇರ್ಲಿ." ಬಟ್ಟೆಯನ್ನು ಮಾತ್ರ ತೆಗೆದಿಟ್ಟುಕೊಂಡರು. ನಾನು ಹಿಗ್ಗಿನಲ್ಲಿ ಅವರ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

ಸ್ಟೇಷನ್ನಿನಲ್ಲಿ ಲೋಕಲಿಗೆ ಕಾಯುತ್ತಿದ್ದೆ. ಪಾಳಿ ಮುಗಿಸಿ ಅಂಗಡಿ ಕೆಲಸಕ್ಕೆಂದು ಆ ಕಡೆ ಬಂದಿದ್ದ ಗುರುರಾಯರು, ಹಿಂದಿನ ಸಲ ಮನೆಯಲ್ಲಿ ಕಂಡಿದ್ದ ಗುರುತಿನಿಂದ, ನಮಸ್ಕಾರ ಮಾಡಿದರು. ನನ್ನ ಕೈಯ ಪುಸ್ತಕ ನೋಡಿದರು.

"ಅಕಿನ ಕೊಟ್ಟಳೇನ್ರಿ?"

"ಹೌದು. ಅವರೇ ಕೊಟ್ಟರು. ಯಾಕೆ, ನಿಮಗೆ ಒಪ್ಪಿಗೆ ಇಲ್ಲವಾ?"

ಅವರು ಹಳಿಯ ಕಡೆ ತಿರುಗಿದರು. "ನಮ್ಮ ಮದುವ್ಯಾಗ ನಮ್ಮ ಅತ್ತಿಯವರು ಅಕಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಖಣದ ಮ್ಯಾಲ ಇದನ್ನಿಟ್ಟು ಕೊಟ್ಟಿದ್ರು. ನಿನ್ನ ಕೂಸಿಗೆ ಇದರ ಮುಂದ ಅಕ್ಷರ ಹಾಕಸು ಅಂತ ಹೇಳಿದ್ರು. ಮದುವ್ಯಾಗಿ ಭಾಳ ವರ್ಷ ಆತು. ಪ್ರತಿ ವರ್ಷ ದಸರಾದಾಗ ಇದನ್ನ ಒರಸಿ, ಪೂಜಾ ಮಾಡಿ, ಮತ್ತ ಕಟ್ಟಿ ಇಡ್ತಿದ್ಲು. ಮೊನ್ನೆ ದವಾಖಾನಿಗೆ ಹೋಗಿದ್ವಿ. ಇನ್ನ ಆಸೆ ಇಟ್ಕೋಬ್ಯಾಡ್ರಿ ಅಂತ ಡಾಕ್ಟರು ಹೇಳಿಬಿಟ್ರು. ಅಕಿ ಅಳಲಿಲ್ಲ, ಏನೂ ಇಲ್ಲ. ಒಯ್ಯಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಕೊಟ್ಟಾಕಿ ಅಕಿ. ಆದ್ರ ಮನ್ಯಾಗ ಅದೊಂದ ಇತ್ತರಿ."

ಗಾಡಿ ಬಂತು. ಹೆಂಗಸರ ಡಬ್ಬಿಯಲ್ಲಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ಎಷ್ಟೋ ದಿನದಿಂದ ಹುಡುಕಿದ ವಸ್ತು ಕೈಯಲ್ಲಿತ್ತು, ನನಗೆ ಮಾತ್ರ ಯಾರದೋ ಮನೆಯ ದೀಪವನ್ನು ಎತ್ತಿಕೊಂಡು ಬಂದ ಹಾಗೆ ಅನ್ನಿಸುತ್ತಿತ್ತು.

ಮರುದಿನ ಮಾಸ್ತರರು ಪುಟ ತಿರುಗಿಸಿ ಇರುವೆಯನ್ನು ಹುಡುಕಿದರು. ಹುಡುಗ ಮೂರನೆಯ ಕಡ್ಡಿ ಇಡುವಾಗ ಅವನ ತಾಯಿ ಊಟಕ್ಕೆ ಕರೆಯುತ್ತಾಳೆ, ಅವನು ಓಡುವಾಗ ತಾನಿಟ್ಟ ಕಡ್ಡಿಗೇ ಎಡವಿ ಬೀಳುತ್ತಾನೆ, ನಿನ್ನ ದಾರಿಗೆ ಕಡ್ಡಿ ಇಟ್ಟವರು ಯಾರು ಎಂದು ತಾಯಿ ಕೇಳುತ್ತಾಳೆ. ಇರುವೆ ಮನೆ ಮುಟ್ಟುತ್ತದೆ. ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮುಟ್ಟಿತು ಮಾರಾಯ್ತಿ, ಮುಟ್ಟಿತು" ಎಂದರು. ಆಗ ನಾನು ಗುರುರಾಯರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು, ಮತ್ತೆ ಮುಟ್ಟಲಿಲ್ಲ.

"ವಿಜಯದಶಮಿಗೆ ಇಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸ್ತೇವಲ್ಲ" ಎಂದೆ. ಸಂಘದ ಶಾರದಾ ಪೂಜೆಗೆ ಎಲ್ಲಾ ಕಡೆಯ ಕನ್ನಡದವರು ಮಕ್ಕಳನ್ನು ತರುತ್ತಿದ್ದರು. ಬೆರಳು ಹಿಡಿದು ಬರೆಸುತ್ತಿದ್ದವರು ಮಾಸ್ತರರೇ. "ಈ ಸಲ ಇದೇ ಪುಸ್ತಕವನ್ನು ಹರಿವಾಣದ ಪಕ್ಕ ಇಡೋಣ. ಬರೆಸುವುದು ಇಂದಿರಕ್ಕ."

ಮಾಸ್ತರರ ಮುಖ ಗಂಭೀರವಾಯಿತು. "ನೋಡು ವಾರಿಜಾ, ಮಕ್ಕಳಾಗದವರನ್ನು ಇಂಥ ಶಾಸ್ತ್ರಕ್ಕೆ ಕರೆಯುವುದು ನಮ್ಮಲ್ಲಿ ಕಡಿಮೆ. ಸರಿಯಾ ತಪ್ಪಾ ಅದು ಬೇರೆ. ಸಂಘ ಅಂದ್ಮೇಲೆ ನಾಲ್ಕು ಜನ ನಾಲ್ಕು ಮಾತು ಆಡ್ತಾರೆ."

"ಹಾಗಾದರೆ ಕಡ್ಡಿ ಅಡ್ಡ ಇಟ್ಟ ಹುಡುಗ ಯಾರು ಮಾಸ್ಟ್ರೆ?" ಎಂದೆ. ಅಷ್ಟು ಮಾತಾಡುವ ಧೈರ್ಯ ಎಲ್ಲಿಂದ ಬಂತೋ. ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಪೂರ್ತಿ ಕುಡಿದರು. "ನನ್ನ ಜಾಗ ಬಿಟ್ಟುಕೊಡ್ತೇನೆ. ಮಕ್ಕಳನ್ನು ಕೊಡಬೇಕಾದವರು ತಾಯಂದಿರು. ಅವರಿಗೆ ನಾನು ಒತ್ತಾಯ ಮಾಡುವುದಿಲ್ಲ" ಎಂದರು.

ಮನೆಯಲ್ಲಿ ಅತ್ತೆ ಇನ್ನೂ ನೇರವಾಗಿ ಹೇಳಿದರು. "ನಿನ್ನ ಮಂಡೆ ಸಮ ಉಂಟಾ? ಯಾರೂ ಮಗುವನ್ನು ಕೊಡದಿದ್ರೆ? ಮನೆಯಲ್ಲಿ ಕೂತು ಒಬ್ಬಳೇ ಅಳುವವಳನ್ನು ಕರ್ಕೊಂಡು ಬಂದು ನೂರು ಜನರ ಎದುರು ಕೂರಿಸ್ತೀಯಲ್ಲ." ಅದು ನನ್ನ ಮನಸ್ಸಿನಲ್ಲೂ ಇದ್ದ ಹೆದರಿಕೆಯೇ. ಆದರೂ ಮರುದಿನ ವಿಕ್ರೋಳಿಗೆ ಹೋದೆ. ಇಂದಿರಕ್ಕ ಬಾಗಿಲಲ್ಲೇ ನಿಂತು ಕೇಳಿದರು, ಒಳಗೆ ಕರೆಯುವುದನ್ನೂ ಮರೆತರು. "ನನ್ನ ಕೈಲೆ ಯಾರು ಬರಸ್ಕೋತಾರ್ರಿ?" ಎಂದಷ್ಟೇ ಹೇಳಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಬಂದರು. ದಶಮಿಯ ಬೆಳಗ್ಗೆ ಹಸಿರು ಇಳಕಲ್ ಸೀರೆ ಉಟ್ಟು, ಗುರುರಾಯರ ಹಿಂದೆ ಮೆಟ್ಟಿಲು ಹತ್ತಿ ಬಂದರು. ಮಾಳಿಗೆಯ ತುಂಬ ಜನ. ಪೂಜೆಗಿಟ್ಟ ಪುಸ್ತಕಗಳ ಮೇಲಿನ ಹೂ ತೆಗೆದಾಯಿತು. ಹರಿವಾಣದಲ್ಲಿ ಅಕ್ಕಿ ಹರಡಿ, ಪಕ್ಕದ ಮಣೆಯ ಮೇಲೆ ಕೆಂಪು ಪುಸ್ತಕ ಇಟ್ಟೆವು. ಮಾಸ್ತರರು ಎದ್ದು ನಿಂತು, "ಈ ಸಲ ಮಕ್ಕಳಿಗೆ ವಿಕ್ರೋಳಿಯ ಇಂದಿರಾಬಾಯಿಯವರು ಬರೆಸುತ್ತಾರೆ. ಪುಸ್ತಕವೂ ಅವರ ತಾಯಿಮನೆಯದೇ" ಎಂದು ಹೇಳಿ ಪಕ್ಕಕ್ಕೆ ಸರಿದರು.

ಇಂದಿರಕ್ಕ ಹರಿವಾಣದ ಹಿಂದೆ ಕೂತರು. ನನ್ನ ಪಕ್ಕದಲ್ಲಿ ಯಾರೋ, "ಅವರಿಗೆ ಮಕ್ಕಳೆಷ್ಟು?" ಎಂದು ಮೆಲ್ಲಗೆ ಕೇಳಿದರು. ಇನ್ನು ಯಾರೋ ತಲೆಯಾಡಿಸಿದ್ದು ಕಂಡಿತು. ಆ ತಲೆಯಾಟ ಒಬ್ಬರಿಂದೊಬ್ಬರಿಗೆ ಹಿಂದಿನ ಗೋಡೆಯವರೆಗೂ ಹೋಯಿತು. ಒಬ್ಬ ತಾಯಿಗೆ ಮಗನ ಗುಂಡಿ ಹಾಕುವುದು ನೆನಪಾಯಿತು. ಇನ್ನೊಬ್ಬಳು ಮಗಳ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಮತ್ತೊಬ್ಬಳು ಮಗುವಿಗೆ ಒಂದಕ್ಕೆ ಬಂದಿದೆ ಎಂದು ಎದ್ದು ಹೊರಗೆ ಹೋದಳು. ಯಾರೂ ಕೆಟ್ಟವರಲ್ಲ. ತಮ್ಮ ಮಗುವಿನ ವಿಷಯದಲ್ಲಿ ಹೆದರಿಕೆ ಎಲ್ಲರಿಗೂ ಇರುತ್ತದೆ. ಇಂದಿರಕ್ಕ ತಲೆ ಎತ್ತಲಿಲ್ಲ. ಸಮವಾಗಿದ್ದ ಅಕ್ಕಿಯನ್ನು ಅಂಗೈಯಿಂದ ಮತ್ತೆ ಮತ್ತೆ ಸಮ ಮಾಡುತ್ತಿದ್ದರು. ಗೋಡೆಗೊರಗಿದ್ದ ಗುರುರಾಯರು ಚಪ್ಪಲಿ ಬಿಟ್ಟಿದ್ದ ಕಡೆಗೆ ನೋಡತೊಡಗಿದರು.

ನನಗೆ ಕೂರಲು ಆಗಲಿಲ್ಲ. ಪುಟ್ಟಿಗೂ ಅದೇ ವರ್ಷ ಅಕ್ಷರಾಭ್ಯಾಸ ಆಗಬೇಕಿತ್ತು. ಅವಳನ್ನು ಎತ್ತಿಕೊಂಡು ಎದ್ದೆ. ಹಿಂದೆ ಕೂತಿದ್ದ ಅತ್ತೆ ನನ್ನ ಸೆರಗು ಹಿಡಿದೆಳೆದು ಕೂರಿಸಿದರು.

"ಕೂತ್ಕೊ. ಮಗುವನ್ನು ಮುಂದೆ ಮಾಡ್ಬೇಡ."

ನನ್ನ ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ ಅತ್ತೆ ತಾವೇ ಎದ್ದು ಹೋಗಿ ಹರಿವಾಣದ ಮುಂದೆ ಕೂತು, "ಮೊದಲು ನನ್ನ ಬೆರಳು ಹಿಡಿದು ಬರೆಸಿ, ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆಮೇಲೆ ನಮ್ಮ ಪುಟ್ಟಿಗೆ" ಎಂದು ಇಂದಿರಕ್ಕನ ಕಡೆಗೆ ಕೈ ಚಾಚಿದರು.